ಮೂರು ನಂದು, ನಾಲ್ಕು ನಿಂದು

ಚಟ್ಟ ಒಂದು ಕಡೆಗೆ ವಾಲಿಬಿಟ್ಟಿತು.

ರಾಮು "ಒಂದು, ಎರಡು, ಮೂರು" ಎಂದು ಎಣಿಸಿದ್ದ. ಮೂರು ಎನ್ನುತ್ತಲೇ ಮೂರು ಮೂಲೆಗಳು ಮೇಲೆದ್ದವು. ಹಿಂದೆ ಬಲಗಡೆಯ ಮೂಲೆ ಹಿಡಿದಿದ್ದ ಅಂಜನಮೂರ್ತಿ ಮಾತ್ರ ಏನನ್ನೋ ಕಾಯುವವನಂತೆ ಒಂದು ಗಳಿಗೆ ಬಗ್ಗಿಯೇ ಇದ್ದು, ಆಮೇಲೆ ಎತ್ತಿದ. ಅಷ್ಟರಲ್ಲಿ ಸುಗತನ ಎದೆಯ ಮೇಲಿದ್ದ ಚೆಂಡುಹೂವಿನ ಹಾರ ಬಿಳಿಬಟ್ಟೆಯಿಂದ ಜಾರಿ ಮೋರಿಯ ಚಪ್ಪಡಿಯ ಮೇಲೆ ಬಿದ್ದಿತ್ತು. ಕಟ್ಟಿದ್ದ ಹಗ್ಗವೊಂದು ಸಡಿಲವಾಯಿತು. ಗಲ್ಲಿಯ ಹೆಂಗಸರೆಲ್ಲ ಅಯ್ಯಯ್ಯೋ ಎಂದರು. ಸತ್ತವನಿಗೆ ಸೋದರಮಾವನಾದ ರಾಮು ಚಟ್ಟವನ್ನು ಮತ್ತೆ ಬೆಂಚಿನ ಮೇಲೆ ಇಳಿಸಿ, ಅಂಜನಮೂರ್ತಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

"ಮೂರು ಅಂದ್ರೆ ಎತ್ಬೇಕು ಕಣಪ್ಪ. ಏನ್ ಕಾಯ್ತಾ ನಿಂತಿದ್ದೆ, ಬಸ್ಸಾ?"

ಕೆ.ಆರ್. ಪುರದಲ್ಲಿ ಬ್ಯಾಟರಿ ಅಂಗಡಿ ಇಟ್ಟುಕೊಂಡಿರುವ, ಹೊಟ್ಟೆ ಬಂದ, ಕೂದಲು ಹೋದ ಮನುಷ್ಯ, ಹೋಮ್‌ವರ್ಕ್ ಮಾಡದೆ ಬಂದ ಹುಡುಗನ ಹಾಗೆ ನಿಂತಿದ್ದ. ಅವನು ಏನನ್ನು ಕಾಯುತ್ತಿದ್ದ ಎಂಬುದು ಅಲ್ಲಿ ಸೇರಿದ್ದ ನೂರು ಜನರಲ್ಲಿ ಇನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು.

ಅವಳು ಎದುರುಮನೆಯ ಮೆಟ್ಟಿಲ ಮೇಲೆ ಕಪ್ಪು ಬುರ್ಖಾ ತೊಟ್ಟು, ಕೈಯಲ್ಲಿ ಶರಟಿನ ಗುಂಡಿಗಳ ಚೀಲ ಹಿಡಿದು ನಿಂತಿದ್ದಳು. ಹೆಸರು ಬುಷ್ರಾ. ಮೂರಾಗಿ ಒಂದು ಗಳಿಗೆ ಬಿಟ್ಟು, ಅವಳ ಬಲಗಾಲಿನ ಹಿಮ್ಮಡಿಯೂ ತಾನಾಗಿಯೇ ಮೆಟ್ಟಿಲನ್ನು ಕುಟ್ಟಿತ್ತು. ಅದು ತಿಳಿದೊಡನೆ ಅವಳಿಗೆ ನಗು ಬಂತು. ಹೆಣದ ಮುಂದೆ ನಗುವುದುಂಟೇ? ಸ್ಕಾರ್ಫಿನ ಅಂಚನ್ನು ಬಾಯಿಗೆ ತುರುಕಿಕೊಂಡಳು. ಭುಜ ಕುಲುಕುವುದನ್ನು ಕಂಡ ಪಕ್ಕದ ಹೆಂಗಸು ಅಳು ಎಂದುಕೊಂಡು ಬೆನ್ನು ಸವರಿದಳು. ಸವರಿದ್ದೇ ತಡ, ಅದು ಅಳುವೇ ಆಗಿಹೋಯಿತು.

ಮಗಳು ರಿಮ್ಶಾ ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಇಬ್ಬರೂ ಸ್ಕೂಟರಿನಲ್ಲಿ ಶಿವಾಜಿನಗರಕ್ಕೆ ಬಂದದ್ದು ಗುಂಡಿಗೆ, ದಾರಕ್ಕೆ. ಪುಲಿಕೇಶಿನಗರದ ಮನೆಯ ಮುಂಗೋಣೆಯಲ್ಲಿ ನಾಲ್ಕು ಮಶೀನು ಹಾಕಿಕೊಂಡು ಬುಷ್ರಾ ಶಾಲೆಗಳಿಗೆ ಯೂನಿಫಾರ್ಮು ಹೊಲಿಸುತ್ತಾಳೆ. ಬಸ್ ನಿಲ್ದಾಣದ ಹಿಂದಿನ ಜೆರಾಕ್ಸ್ ಅಂಗಡಿಯ ಷಟರು ಅರ್ಧ ಎಳೆದಿತ್ತು. ಅದರ ಮೇಲೆ ಅಂಟಿಸಿದ ಕಾಗದದಲ್ಲಿ ಸುಗತನ ಮುಖ. ಅಕ್ಕಪಕ್ಕದ ಅಂಗಡಿಯವರು ಅವನದೇ ಮಶೀನಿನಲ್ಲಿ ತೆಗೆದ ಕಾಪಿ ಇರಬೇಕು, ಒಂದು ಕೆನ್ನೆ ಪೂರ್ತಿ ಕರಿ ಹಿಡಿದಿತ್ತು. ನಿನ್ನೆ ಸಂಜೆ ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲವಂತೆ. ಬುಷ್ರಾ ಕಾಗದವನ್ನು ಎರಡು ಸಲ ಓದಿ, ಸ್ಕೂಟರನ್ನು ಲಿಂಗರಾಜಪುರಕ್ಕೆ ತಿರುಗಿಸು ಎಂದಳು.

"ಯಾರಮ್ಮಿ ಅವರು?" ಎಂದು ರಿಮ್ಶಾ ದಾರಿಯಲ್ಲೇ ಕೇಳಿದ್ದಳು. ಕಾಲೇಜಿನಲ್ಲಿದ್ದಾಗ ನೋಟ್ಸು ಜೆರಾಕ್ಸ್ ಮಾಡಿಕೊಡುತ್ತಿದ್ದವರು ಎಂದು ಬುಷ್ರಾ ಹೇಳಿದ್ದಳು. ಅದು ಸುಳ್ಳಲ್ಲ. ಆದರೆ ನೋಟ್ಸು ಜೆರಾಕ್ಸ್ ಮಾಡಿಕೊಟ್ಟವನಿಗಾಗಿ ಯಾರೂ ಹೀಗೆ ಅಳುವುದಿಲ್ಲ ಎಂಬುದು ಹತ್ತೊಂಬತ್ತರ ಹುಡುಗಿಗೆ ಗೊತ್ತಾಗದೆ ಇರುತ್ತದೆಯೇ.

ಬಂದವರ ಬಾಯಲ್ಲೆಲ್ಲ ಇದ್ದದ್ದು ಜೆರಾಕ್ಸ್ ಸುಗತ. ಅರ್ಜಿ ಬರೆದುಕೊಡುವ ಸುಗತ. ಮೂಲೆಮನೆಯ ಶೇಷಮ್ಮ ತನ್ನ ರೇಷನ್ ಕಾರ್ಡಿಗಾಗಿ ಅವನು ಆಫೀಸಿನ ಮೆಟ್ಟಿಲು ಹತ್ತಿಳಿದ ಕತೆಯನ್ನು ಮೂರನೆಯ ಸಲ ಹೇಳುತ್ತಿದ್ದಳು. ಮದುವೆಯಾಗಲಿಲ್ಲ, ಕುಡಿಯಲಿಲ್ಲ, ತಾಯಿಯನ್ನು ಬಿಡಲಿಲ್ಲ, ಗಟ್ಟಿಯಾಗಿ ಒಂದು ಮಾತಾಡಿದವನಲ್ಲ ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ಹೌದೆನ್ನುತ್ತಿದ್ದರು. ಗಟ್ಟಿಯಾಗಿ ಮಾತಾಡಿದವನಲ್ಲ ಎಂಬುದನ್ನು ಕೇಳಿ ಬುಷ್ರಾ ತಲೆ ತಗ್ಗಿಸಿದಳು. ಅವನ ಗಂಟಲು ಏನೆಲ್ಲ ಕಿರುಚಿತ್ತು ಎಂದು ಇವರಿಗೆ ಹೇಗೆ ಹೇಳುವುದು? ಅವಳು ಅಳಲೆಂದು ಬಂದವಳೂ ಅಲ್ಲ. ಇಪ್ಪತ್ತು ವರ್ಷದಿಂದ ಅವನಿಗೆ ಹೇಳಬೇಕಾದ ಒಂದು ಮಾತಿತ್ತು. ಹೇಳಿರಲಿಲ್ಲ. ಅವನು ತನ್ನನ್ನು ಕ್ಷಮಿಸಿದ್ದನೋ ಇಲ್ಲವೋ, ಅಷ್ಟನ್ನಾದರೂ ಯಾರಿಂದಲಾದರೂ ತಿಳಿದುಕೊಳ್ಳದೆ ಅವಳು ಮನೆಗೆ ಹೋಗುವಂತಿರಲಿಲ್ಲ.

\*

ಎರಡು ಸಾವಿರದ ಎರಡನೆಯ ಇಸವಿ. ಅದೇ ಜೆರಾಕ್ಸ್ ಅಂಗಡಿಯಲ್ಲಿ ಸುಗತ ಆಗ ಸಂಬಳಕ್ಕಿದ್ದ. ಬುಷ್ರಾ ಬಿ.ಕಾಂ. ಎರಡನೇ ವರ್ಷ. ನೋಟ್ಸು ಮಶೀನಿನ ಹೊಟ್ಟೆಗೆ ಹೋಗಿ ಬರುವಷ್ಟು ಹೊತ್ತೂ ಅವಳು ಎರಡು ಪೆನ್ನು ಹಿಡಿದು ಗಾಜಿನ ಕೌಂಟರನ್ನು ಕುಟ್ಟುತ್ತಿದ್ದಳು. ಅದು ಅಭ್ಯಾಸ. ಮನೆಯಲ್ಲಿ ಅಮ್ಮಿಯ ಹೊಲಿಗೆ ಮಶೀನಿನ ಸದ್ದಿಗೆ ಬೆರಳು ಆಡಿಸುತ್ತಲೇ ಬೆಳೆದವಳು.

"ನಿಮ್ ಕೈ ನಮ್ ಮಶೀನಿಗಿಂತ ಫಾಸ್ಟ್ ಇದೆ ರೀ" ಎಂದ ಅವನು. ಬೈಗುಳವೆಂದುಕೊಂಡು ಅವಳು ಪೆನ್ನು ಬಚ್ಚಿಟ್ಟಳು. ಅವನು ನೋಟ್ಸಿನ ಜೊತೆಗೆ ಎಂಟು ಪುಟದ ಒಂದು ಪುಸ್ತಿಕೆಯನ್ನೂ ಪಿನ್ನು ಹೊಡೆದು ಕೊಟ್ಟ. ಮಾಲೀಕ ಊಟಕ್ಕೆ ಹೋದಾಗ ಕದ್ದು ತೆಗೆದ ಕಾಪಿ. ಕನ್ನಡ, ತಮಿಳು, ಇಂಗ್ಲಿಷು ಎಲ್ಲ ಕಲಸಿಹೋಗಿದ್ದವು. ಮೊದಲ ಪುಟದಲ್ಲಿ ಕೈಬರಹದ ದಪ್ಪಕ್ಷರ: 'ಸಂಗೀತ ಬರದವರು ಬೇಕಾಗಿದ್ದಾರೆ.'

ಆ ಕಿರುಚಿ ಹಾಡುವ ಒರಟು ಸಂಗೀತವನ್ನು ಪಂಕ್ ಎನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಯಾರೂ ಕಲಿಸಿದ್ದಲ್ಲ. ಹೊರದೇಶದಿಂದ ಯಾರೋ ತಂದ ಒಂದು ಕ್ಯಾಸೆಟ್ಟು ಕಾಪಿಯಾಗಿ, ಕಾಪಿಯ ಕಾಪಿಯಾಗಿ, ಹಾಡಿಗಿಂತ ಗೊರಗೊರವೇ ಹೆಚ್ಚಾದ ಮೇಲೆ ಇವರ ಕೈಗೆ ಬಂದಿತ್ತು. ಆ ಗೊರಗೊರವೂ ಸಂಗೀತದಲ್ಲೇ ಸೇರಿದ್ದು ಎಂದು ತಿಳಿದು ಸುಗತನೂ ಅಂಜನಮೂರ್ತಿಯೂ ಆರು ತಿಂಗಳು ಕೂತು ಅದನ್ನೂ ಗಿಟಾರಿನಲ್ಲಿ ತೆಗೆಯಲು ಕಲಿತರು. ಅಸಲು ಕ್ಯಾಸೆಟ್ಟು ಕೇಳಿದ ದಿನ ಇಬ್ಬರಿಗೂ ಅದು ಸಪ್ಪೆ ಎನ್ನಿಸಿತು.

ಲಿಂಗರಾಜಪುರದ ಈ ಮನೆಯ ತಾರಸಿಯ ಮೇಲಿನ ಶೀಟಿನ ಕೋಣೆಯೇ ಅಭ್ಯಾಸದ ಜಾಗ. ಭಾನುವಾರ ಕಂಪ್ಯೂಟರ್ ಕ್ಲಾಸು ಎಂದು ಹೇಳಿ ಬುಷ್ರಾ ಬರುತ್ತಿದ್ದಳು. ಡ್ರಮ್ ಸೆಟ್ಟು ಕೊಳ್ಳುವ ಮಾತೇ ಇರಲಿಲ್ಲ. ಎರಡು ಸ್ಟೀಲ್ ಊಟದ ತಟ್ಟೆ, ಯಾವುದೋ ಬ್ಯಾಂಡಿನವರು ಎಸೆದ ಒಂದು ಸಣ್ಣ ಡೋಲು, ಮತ್ತೆ ಮನೆಗೆ ನೀರು ತುಂಬಿಡುವ ನೀಲಿ ಪ್ಲಾಸ್ಟಿಕ್ ಡ್ರಮ್ಮು. ಅದನ್ನು ಅಡ್ಡ ಮಲಗಿಸಿ, ತಳಕ್ಕೆ ಕಾಲಿನಿಂದ ಹೊಡೆಯಲು ಬುಷ್ರಾ ತನ್ನ ಅಮ್ಮಿಯ ಕೆಟ್ಟ ಹೊಲಿಗೆ ಮಶೀನಿನ ಕಬ್ಬಿಣದ ಪೆಡಲನ್ನು ಆಟೋದಲ್ಲಿ ಹಾಕಿಕೊಂಡು ತಂದಳು. ತೊಂದರೆ ಒಂದೇ. ಗಲ್ಲಿಯಲ್ಲಿ "ನೀರ್ ಬಂತು" ಎಂಬ ಕೂಗೆದ್ದರೆ ಸುಗತನ ತಾಯಿ ಚಿಕ್ಕಮುನಿಯಮ್ಮ ಮೇಲೆ ಬಂದು, ಹಾಡಿನ ನಡುವೆಯೇ ಡ್ರಮ್ಮನ್ನು ಎತ್ತಿ ನಿಲ್ಲಿಸಿ, ಉರುಳಿಸಿಕೊಂಡು ಹೋಗಿಬಿಡುವಳು. ಅವತ್ತಿನ ಅಭ್ಯಾಸ ಅಲ್ಲಿಗೆ ಮುಗಿಯಿತು. ತಂಡಕ್ಕೆ ಹೆಸರಿಡುವ ಕಷ್ಟವೂ ಅದರಿಂದಲೇ ತಪ್ಪಿತು. 'ನೀರ್ ಬಂತು.' ಹನ್ನೊಂದು ಹಾಡು, ಎಲ್ಲ ಸೇರಿ ಹತ್ತೊಂಬತ್ತು ನಿಮಿಷ.

ಮೊದಮೊದಲು ಹಾಡು ಶುರುಮಾಡಲು ಅವಳಿಗೆ ಭಯ. ಕೋಲಿನಿಂದ ಕೋಲಿಗೆ ತಟ್ಟಿ ಎಣಿಸಬೇಕಾದವಳು ಅವಳೇ. ತಪ್ಪಾದರೆ ಎಲ್ಲರದೂ ತಪ್ಪುತ್ತದೆ ಎಂದು ಕೋಲನ್ನು ಎತ್ತಿ ಎತ್ತಿ ಇಳಿಸುತ್ತಿದ್ದಳು. ಸುಗತ ಮೈಕು ಬಿಟ್ಟು ಬಂದು ಅವಳ ಎದುರು ಕುಕ್ಕರುಗಾಲಿನಲ್ಲಿ ಕೂತ.

"ಮೂರರ ತನಕ ನಾನ್ ಎಣಿಸ್ತೀನಿ. ನಾಲ್ಕು ಹೇಳಲ್ಲ. ಅದು ನಿಂದು. ನೀನು ಯಾವಾಗ ಹೊಡೀತೀಯೋ ಆಗ್ಲೇ ನಾಲ್ಕು."

"ನಾನು ಹೊಡೀದೆ ಹೋದ್ರೆ?"

"ಕಾಯ್ತೀವಿ."

ಅದೇ ಪದ್ಧತಿಯಾಗಿಹೋಯಿತು. ಒಂದು, ಎರಡು, ಮೂರು, ಆಮೇಲೊಂದು ಖಾಲಿ ಗಳಿಗೆ. ಆ ಖಾಲಿಯೊಳಗೆ ಬುಷ್ರಾಳ ಕಾಲು ಬಿದ್ದೊಡನೆ ಲೋಕವೇ ಮೈಮೇಲೆ ಬಂದಂತೆ ಎಲ್ಲವೂ ಒಟ್ಟಿಗೆ ಶುರುವಾಗುತ್ತಿತ್ತು. ಜನರೂ ಅದಕ್ಕೇ ಕಾಯುತ್ತಿದ್ದರು. ಜನ ಅಂದರೆ ನಲವತ್ತೋ ಐವತ್ತೋ. ಹಲಸೂರಿನ ಮೆಕ್ಯಾನಿಕ್ಕುಗಳು, ಕಾಲೇಜು ತಪ್ಪಿಸಿದವರು, ಇಂಥವೇ ಐದಾರು ತಂಡದವರು. ಒಬ್ಬರ ತಂತಿ ಕಡಿದರೆ ಇನ್ನೊಬ್ಬರು ಕೊಡುವರು. ವೇದಿಕೆ ಹತ್ತುವಂತಿಲ್ಲ, ಎಲ್ಲರೂ ನೆಲದ ಮೇಲೇ. ಕಾರ್ಯಕ್ರಮ ಇರುತ್ತಿದ್ದದ್ದು ಆಷಾಢದಲ್ಲಿ. ಆಷಾಢದಲ್ಲಿ ಯಾರು ಮದುವೆ ಮಾಡುತ್ತಾರೆ? ಕಲ್ಯಾಣ ಮಂಟಪಗಳು ಬಾವಲಿ ಹೊಕ್ಕಂತೆ ಖಾಲಿ ಬಿದ್ದಿರುತ್ತಿದ್ದವು. ಹಲಸೂರಿನ ಒಂದು ಮಂಟಪದ ಮ್ಯಾನೇಜರು ಸುಗತ ಅರ್ಜಿ ಬರೆದುಕೊಟ್ಟಿದ್ದ ಉಪಕಾರಕ್ಕೆ ಭಾನುವಾರ ಮಧ್ಯಾಹ್ನ ಬೀಗದ ಕೈ ಕೊಡುತ್ತಿದ್ದ. ಹಿಂದೆ ಬಣ್ಣಗೆಟ್ಟ ಮದುವೆಯ ಮಂಟಪ, ಮುಂದೆ ಬೆವರು ಸುರಿಸಿ ಕುಣಿಯುವ ಹುಡುಗರು, ನಡುವೆ ನೀಲಿ ಡ್ರಮ್ಮು. ಬುಷ್ರಾ ಬದುಕಿನಲ್ಲಿ ಅಷ್ಟು ಸುಖವಾಗಿ ಮತ್ತೆಂದೂ ಇರಲಿಲ್ಲ.

\*

ಹಗ್ಗ ಬಿಗಿಯುವವರೆಗೆ ಸಮಯವಿತ್ತು. ಮುಖ ತೊಳೆದುಕೊಳ್ಳಲು ಬುಷ್ರಾ ಮನೆಯ ಹಿಂಭಾಗಕ್ಕೆ ಹೋದಳು. ನಲ್ಲಿಯ ಪಕ್ಕದಲ್ಲಿ ಆ ಡ್ರಮ್ಮು ನಿಂತಿತ್ತು.

ನೀಲಿ ಬೆಳ್ಳಗಾಗಿತ್ತು. ಬದಿಯಲ್ಲಿ ಬರೆದಿದ್ದ ಅಕ್ಷರಗಳಲ್ಲಿ 'ನೀರ್' ಅಳಿಸಿ 'ಬಂತು' ಉಳಿದಿತ್ತು. ಬೆಳಿಗ್ಗೆ ಸುಗತನಿಗೆ ಸ್ನಾನ ಮಾಡಿಸಲು ನೀರು ಮೊಗೆದದ್ದೂ ಇದರಿಂದಲೇ ಇರಬೇಕು, ಸುತ್ತ ಇನ್ನೂ ಒದ್ದೆ. ಮುಚ್ಚಳ ಗಾಳಿಗೆ ಹಾರದಂತೆ ಮೇಲೊಂದು ಭಾರ ಇಟ್ಟಿದ್ದರು. ಅಮ್ಮಿಯ ಮಶೀನಿನ ಪೆಡಲು.

ಬುಷ್ರಾ ಅದನ್ನು ಎರಡು ಕೈಯಲ್ಲಿ ಎತ್ತಿಕೊಂಡು ಕೀಲಿನ ಹತ್ತಿರ ಒತ್ತಿದಳು. ಕಿರ್ ಎನ್ನಲಿಲ್ಲ. ಮೆತ್ತಗೆ ಕೆಳಗೆ ಹೋಗಿ ಮೆತ್ತಗೆ ಮೇಲೆ ಬಂತು. ಬೆರಳಿಗೆ ಹತ್ತಿದ್ದನ್ನು ಮೂಸಿದಳು. ಮಶೀನ್ ಎಣ್ಣೆ. ಅವಳ ಕಸುಬೇ ಅದು. ಇಪ್ಪತ್ತು ವರ್ಷ ಬಯಲಿನಲ್ಲಿ ಬಿದ್ದ ಪೆಡಲು ತುಕ್ಕು ಹಿಡಿದು ಕಲ್ಲಾಗಿರಬೇಕಿತ್ತು. ಮುಚ್ಚಳದ ಮೇಲೆ ಕೂರುವ ಭಾರಕ್ಕೆ ಎಣ್ಣೆ ಯಾಕೆ? ಯಾರೋ ವರ್ಷ ವರ್ಷ ತಪ್ಪದೆ, ಯಾರಾದರೂ ನಾಳೆ ಬಂದು ಕಾಲಿಡುತ್ತಾರೆ ಎಂಬಂತೆ, ಇದರ ಕೀಲಿಗೆ ಎಣ್ಣೆ ಬಿಟ್ಟಿದ್ದರು.

"ನಾನೂ ಈಗಷ್ಟೇ ನೋಡ್ದೆ" ಎಂದ ಅಂಜನಮೂರ್ತಿ. ಅವನು ಗೋಡೆಗೊರಗಿ ನಿಂತಿದ್ದ. ಹೊರಗೆ ರಾಮು ಅವನ ಜಾಗಕ್ಕೆ ಬೇರೆ ಯಾರನ್ನೋ ಹಾಕಿದ್ದನಂತೆ. "ನನ್ನ ಕಿತ್ತಾಕಿದ್ರು ಮಗಾ."

"ನೀನು ನಾಲ್ಕಕ್ಕೆ ಕಾದೆ."

"ನೀನೂ ಕಾಲು ಕುಟ್ಟಿದ್ದನ್ನ ನೋಡ್ದೆ."

ಇಬ್ಬರೂ ನಕ್ಕರು. ಇಪ್ಪತ್ತು ವರ್ಷದ ಮೇಲೆ ಎದುರಾದವರು ಯೋಗಕ್ಷೇಮ ಕೇಳುವುದನ್ನೂ ಮರೆತಿದ್ದರು. ನಗು ಮುಗಿದ ಮೇಲೆ ಅಂಜನಮೂರ್ತಿ ತನ್ನ ಚಪ್ಪಲಿಯನ್ನು ನೋಡುತ್ತ, ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿದ.

"ಅವತ್ತು ಯಾಕ್ ಬರ್ಲಿಲ್ಲ ಬುಷ್ರಾ?"

\*

ಎರಡು ಸಾವಿರದ ನಾಲ್ಕು, ಆಷಾಢದ ಕೊನೆಯ ಭಾನುವಾರ. ನಾಲ್ಕು ಗಂಟೆಗೆ ಹಲಸೂರಿನ ಮಂಟಪದಲ್ಲಿ ಕಾರ್ಯಕ್ರಮ. ಮೈಸೂರಿನಿಂದ ಒಂದು ತಂಡ ಬರುವುದಿತ್ತು, ಯಾರೋ ಒಳ್ಳೆಯ ರೆಕಾರ್ಡರ್ ತರುವುದಿತ್ತು. ಇವರ ಹಾಡುಗಳು ಮೊದಲ ಸಲ ಕ್ಯಾಸೆಟ್ಟಿಗೆ ಇಳಿಯುವುದಿತ್ತು. ಖಂಡಿತ ಬರ್ತೀನಿ ಎಂದು ಬುಷ್ರಾ ಶುಕ್ರವಾರ ಕೌಂಟರಿನ ಮೇಲೆ ಕೈ ಬಡಿದು ಹೇಳಿದ್ದಳು.

ಆಷಾಢದಲ್ಲಿ ಯಾರೂ ಮದುವೆಯ ಸುದ್ದಿ ಎತ್ತುವುದಿಲ್ಲ ಎಂಬ ನಂಬಿಕೆಯ ಮೇಲೇ ಆ ತಂಡ ನಿಂತಿತ್ತು. ಬುಷ್ರಾಳ ಮನೆಯಲ್ಲಿ ಆಷಾಢವೆಂಬುದೇ ಇಲ್ಲ ಎಂಬುದು ಅವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಬುಷ್ರಾಳಿಗೇ ಮರೆತುಹೋಗಿತ್ತು. ಶನಿವಾರ ಸಂಜೆ ಅಬ್ಬಾ ಬಂದು ನಾಳೆ ಶೌಕತ್‌ನ ಮನೆಯವರು ಮಂಗ್ನಿಗೆ, ಅಂದರೆ ನಿಶ್ಚಿತಾರ್ಥಕ್ಕೆ, ಬರುತ್ತಾರೆ ಎಂದರು. ಮರುದಿನ ಅವರು ಬಂದು ಉಂಗುರ ತೊಡಿಸಿದರು, ಸಿಹಿ ಹಂಚಿದರು, ಹೆಂಗಸರು ಅವಳ ಗಲ್ಲ ಹಿಡಿದು ಹೊಗಳಿದರು. ಫೋನು ಇದ್ದದ್ದು ಗಂಡಸರು ಕೂತಿದ್ದ ಕೋಣೆಯಲ್ಲಿ.

ಇಷ್ಟೇ ಆಗಿದ್ದರೆ ಅವಳು ಅದನ್ನು ಎಂದೋ ಯಾರಿಗಾದರೂ ಹೇಳಿ ಹಗುರಾಗುತ್ತಿದ್ದಳು. ಹೇಳಲಾಗದೆ ಉಳಿದದ್ದು ಮುಂದಿನದು. ಮೂರು ಗಂಟೆಗೆ ಎಲ್ಲರೂ ಹೊರಟುಹೋದರು. ಹಲಸೂರಿಗೆ ಆಟೋದಲ್ಲಿ ಹದಿನೈದು ನಿಮಿಷ. ಅಲಮಾರಿನಲ್ಲಿ ಬಟ್ಟೆಯ ಅಡಿಯಿಂದ ಡ್ರಮ್ಮಿನ ಕೋಲುಗಳನ್ನು ತೆಗೆದು ಅವಳು ಮಂಚದ ತುದಿಯಲ್ಲಿ ಕೂತಿದ್ದಳು. ಆಗ ಹೊರಗಿನಿಂದ ಅಬ್ಬಾ, ಇವತ್ತು ನನಗೆ ನಿದ್ದೆ ಬರುತ್ತೆ ಎಂದು ಅಮ್ಮಿಗೆ ಹೇಳುವುದು ಕೇಳಿಸಿತು. ಎಷ್ಟೋ ವರ್ಷದ ಮೇಲೆ ಆ ದನಿಯಲ್ಲಿ ಅಷ್ಟು ನೆಮ್ಮದಿ. ಬುಷ್ರಾ ಕೋಲುಗಳನ್ನು ಬಟ್ಟೆಯ ಅಡಿಗೇ ಇಟ್ಟಳು. ಬಾಗಿಲಿಗೆ ಬೀಗ ಇರಲಿಲ್ಲ. ಯಾರೂ ತಡೆದಿರಲಿಲ್ಲ. ಅವಳೇ ಹೋಗಲಿಲ್ಲ.

ಆಮೇಲೆ ನಾಚಿಕೆ. ಜೆರಾಕ್ಸ್ ಅಂಗಡಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುವಳು. ನನ್ನ ಜಾಗಕ್ಕೆ ಬೇರೆ ಯಾರೋ ಸಿಕ್ಕಿರುತ್ತಾರೆ, ಹುಡುಗರಿಗೇನು ಕಡಿಮೆ, ಎಂದು ತನಗೆ ತಾನೇ ಹೇಳಿಕೊಂಡಳು. ಮದುವೆಯಾಯಿತು. ಶೌಕತ್ ಒಳ್ಳೆಯವನು, ಅವನ ಮೇಲೆ ಅವಳ ದೂರಿಲ್ಲ. ಆದರೆ ಆಷಾಢದ ಗಾಳಿ ಬೀಸಿದರೆ ಇಂದಿಗೂ ಅವಳ ಕಾಲು ಮಶೀನಿನ ಮೇಲೆ ವೇಗವಾಗುತ್ತದೆ. ದಾರ ಕಡಿಯುತ್ತದೆ.

ಒಂದೇ ಒಂದು ಸಲ ಅವನು ಸಿಕ್ಕಿದ್ದ. ರಸೆಲ್ ಮಾರುಕಟ್ಟೆಯ ಮುಂದೆ, ರಿಮ್ಶಾಳಿಗೆ ಆರು ವರ್ಷ. ಕೈಯಲ್ಲಿ ಸೊಪ್ಪಿನ ಕಟ್ಟು ಹಿಡಿದಿದ್ದ. ಚೆನ್ನಾಗಿದೀಯಾ ಎಂದ, ಚೆನ್ನಾಗಿದೀನಿ ಎಂದಳು. ಮುಂದೆ ನೀರು ನಿಂತ ಚರಂಡಿ. ಮಗುವನ್ನು ದಾಟಿಸಲೆಂದು ಅವನು ರಿಮ್ಶಾಳ ಕೈ ಹಿಡಿದು, "ಒಂದು, ಎರಡು, ಮೂರು" ಎಂದವನು ನಿಲ್ಲಿಸಿ, ಬುಷ್ರಾಳ ಕಡೆ ನೋಡಿದ. ಅವಳು ಹೇಳಬಹುದಿತ್ತು. ಆ ಒಂದು ಗಳಿಗೆಯಲ್ಲಿ ಏನು ಬೇಕಾದರೂ ಹೇಳಬಹುದಿತ್ತು. ಅವನ ಕೈಯ ಸೊಪ್ಪಿನ ಕಟ್ಟನ್ನೇ ನೋಡುತ್ತ ನಿಂತಳು. ಕಾದೂ ಕಾದು ರಿಮ್ಶಾಳೇ ಹಾರಿಬಿಟ್ಟಳು.

\*

ಎಲ್ಲವನ್ನೂ ಹೇಳಿ ಮುಗಿಸುವಾಗ ಬುಷ್ರಾ ಪೆಡಲನ್ನು ಎದೆಗೆ ಅವುಚಿಕೊಂಡಿದ್ದಳು. ಎಣ್ಣೆಯ ಕಲೆ ಬುರ್ಖಾಕ್ಕೆ ಹತ್ತಿದ್ದು ಅವಳಿಗೆ ತಿಳಿಯಲಿಲ್ಲ. ಬಾಗಿಲಲ್ಲಿ ರಿಮ್ಶಾ ಬಂದು ನಿಂತದ್ದೂ ತಿಳಿಯಲಿಲ್ಲ.

"ನಿಮಗೆ ಬೇರೆಯವರು ಸಿಕ್ಕಿರ್ತಾರೆ ಅಂದ್ಕೊಂಡೆ" ಎಂದಳು.

ಅಂಜನಮೂರ್ತಿ ತಲೆಯಾಡಿಸಿದ. ಅವತ್ತು ನಾಲ್ಕು ಗಂಟೆಗೆ ಎಲ್ಲರೂ ಬಂದಿದ್ದರಂತೆ. ಐದಾಯಿತು. ಸುಗತ ಮೈಕಿನ ಮುಂದೆ ಹೋಗಿ ನಿಂತ. ಡ್ರಮ್ಮಿನ ಹಿಂದೆ ಸ್ಟೂಲು ಖಾಲಿ. ಒಂದು, ಎರಡು, ಮೂರು ಎಂದು ಎಣಿಸಿ ಸುಮ್ಮನೆ ನಿಂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿದ. ಹೀಗೆ ಮೂರು ಸಲ. ಆಮೇಲೆ ವೈರು ಕಿತ್ತು ಸುತ್ತತೊಡಗಿದ.

"ಮೈಸೂರಿನ ಡ್ರಮ್ಮರ್ ಹುಡುಗ ನಾನ್ ಹೊಡೀತೀನಿ ಅಂತ ಮುಂದೆ ಬಂದ. ನಾನೂ ಆಗ್ಲಿ ಅಂದೆ. ಇವನು ಒಪ್ಲಿಲ್ಲ. ಆ ಜಾಗದಲ್ಲಿ ಜನ ಇದಾರೆ, ಬರೋದು ಲೇಟಾಗಿದೆ ಅಷ್ಟೆ ಅಂದ. ಆ ರೆಕಾರ್ಡಿಂಗ್ ಕ್ಯಾಸೆಟ್ಟು ನನ್ನ ಹತ್ರ ಈಗ್ಲೂ ಇದೆ. ಅದರಲ್ಲಿ ಇರೋದು ಅಷ್ಟೇ, ಮೂರು ಸಲ ಒಂದು ಎರಡು ಮೂರು."

"ಬೈದ್ನಾ ನನ್ನ?"

"ಇಲ್ಲ. ಅದೇ ನನಗೆ ಸಿಟ್ಟು. ನಾನು ನಿನ್ನ ಬೈಯೋಕೆ ಹೋದ್ರೂ ಬಿಡ್ತಿರ್ಲಿಲ್ಲ. ವರ್ಷಾವರ್ಷ ಆಷಾಢ ಬಂದ್ರೆ ಫೋನ್ ಮಾಡೋನು. ಏನ್ ಗುರು, ಮಂಟಪ ಖಾಲಿ ಇದೆಯಂತೆ ಅನ್ನೋನು. ಅಷ್ಟೇ ಮಾತು. ಹೋದ್ ವಾರಾನೂ ಮಾಡಿದ್ದ."

ಬುಷ್ರಾಳಿಗೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಬೈಗುಳವೇ ಆಗಿದ್ದರೆ ಚೆನ್ನಾಗಿತ್ತು. ಇಪ್ಪತ್ತು ವರ್ಷ ತೆರೆದಿಟ್ಟ ಬಾಗಿಲಿಗೆ ಈಗ ಏನೆಂದು ಹೇಳುವುದು? ಹೊರಗೆ ಸುಗತನ ತಂಗಿ ಪೂಜಿತಾ ಮೇಣದ ಬತ್ತಿ ಹಚ್ಚಿ ತ್ರಿಶರಣ ಹೇಳಿಸತೊಡಗಿದ್ದಳು. ಬುದ್ಧನ ಮತ್ತು ಬಾಬಾಸಾಹೇಬರ ಪಟಗಳ ಮುಂದೆ ಗಲ್ಲಿಯೆಲ್ಲ ಕೈಮುಗಿದು ನಿಂತಿತ್ತು. ರಿಮ್ಶಾ ಅಮ್ಮನ ಕೈಯಿಂದ ಪೆಡಲನ್ನು ಬಿಡಿಸಿ ಮುಚ್ಚಳದ ಮೇಲಿಟ್ಟು, ಮೆಲ್ಲಗೆ ಕೇಳಿದಳು.

"ಚರಂಡಿ ದಾಟಿಸಿದ ಅಂಕಲ್ಲಾ ಇವರು?"

\*

ಶವ ಸಾಗಿಸುವ ವ್ಯಾನಿನ ಹಿಂದೆಯೇ ಸ್ಕೂಟರು ಕಲ್ಪಳ್ಳಿಯ ಸ್ಮಶಾನಕ್ಕೆ ಹೋಯಿತು. ಅಲ್ಲಿಗೆ ಹೋಗಬೇಕೆಂದು ಯಾರೂ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಬುಷ್ರಾ ಈವರೆಗೆ ಯಾರನ್ನೂ ಮಣ್ಣಿಗಿಡುವುದನ್ನು ನೋಡಿದವಳಲ್ಲ. ಅವಳ ಮನೆಯಲ್ಲಿ ಹೆಂಗಸರು ಹೋಗುವುದಿಲ್ಲ. ಅಬ್ಬಾ ತೀರಿಕೊಂಡಾಗ ಗಂಡಸರ ಹೆಗಲ ಮೇಲಿನ ಜನಾಜಾ ಮಸೀದಿ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೆ ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅಬ್ಬಾನನ್ನು ಅಷ್ಟೇ ದೂರ ಕಳಿಸಿದವಳು ಇವನ ಹಿಂದೆ ಇಷ್ಟು ದೂರ ಬಂದದ್ದು ಸರಿಯೋ ತಪ್ಪೋ ಎಂದು ಗೇಟಿನ ಹತ್ತಿರ ಕಾಲು ತಡೆಯಿತು. ಆದರೂ ಒಳಗೆ ಬಂದಳು.

ವ್ಯಾನು ಗುಂಡಿಯ ತನಕ ಹೋಗುವಂತಿರಲಿಲ್ಲ. ಗೋರಿಗಳ ನಡುವೆ ಇಕ್ಕಟ್ಟಿನ ಕಾಲುದಾರಿ, ನೂರು ಹೆಜ್ಜೆ. ಚಟ್ಟವನ್ನು ಇಳಿಸಿ ಎರಡು ಕಲ್ಲಿನ ಮೇಲಿಟ್ಟರು. ಹಾರವನ್ನು ಯಾರೋ ನೀರು ಚಿಮುಕಿಸಿ ಮತ್ತೆ ಎದೆಯ ಮೇಲೆ ಇಟ್ಟಿದ್ದರು. ರಾಮು ಜನರನ್ನು ಆರಿಸತೊಡಗಿದ. ಪೂಜಿತಾ ಮುಂದೆ ಬಂದು, ಅಣ್ಣನಿಗೆ ಒಂದು ಹೆಗಲು ತನ್ನದು, ನಮ್ಮ ಧಮ್ಮದಲ್ಲಿ ಹೆಣ್ಣು ಗಂಡು ಎಂಬುದಿಲ್ಲ ಎಂದಳು. ರಾಮು ಅದಕ್ಕೆ ಒಪ್ಪಿದ. ಆಗ, ಒಂದು ಹಳೆಯ ಗೋರಿಯ ಅಂಚಿನ ಮೇಲೆ ಕೂತಿದ್ದ ಚಿಕ್ಕಮುನಿಯಮ್ಮ ತಲೆಯೆತ್ತಿದಳು.

"ಅಂಜನ ಹಿಡೀಲಿ. ಆಮೇಲೆ ಆ ಡ್ರಮ್ಮಿನ ಹುಡುಗಿ ಬಂದವಳಲ್ಲ, ಎಲ್ಲವಳೆ?"

ಬುಷ್ರಾ ಜನರ ಹಿಂದೆ ನಿಂತಿದ್ದಳು. ಮುದುಕಿ ತನ್ನನ್ನು ಗುರುತು ಹಿಡಿದಿದ್ದಾಳೆಂದೇ ಅವಳಿಗೆ ಗೊತ್ತಿರಲಿಲ್ಲ. ರಾಮುವಿಗೆ ಗಾಬರಿಯಾಯಿತು. ಆಕೆ ಕುಳ್ಳಗಿದ್ದಾರೆ, ಎತ್ತರ ಸಾಲದು, ಮತ್ತೆ ವಾಲುತ್ತೆ ಎಂದ. ಅವರ ಮನೆಯವರು ಏನಂದುಕೊಳ್ಳುತ್ತಾರೋ ಎಂದೂ ಸೇರಿಸಿದ.

"ಎರಡು ವರ್ಸ ನನ್ನ ತಲೆ ಮೇಲೆ ಕುಟ್ಟವ್ಳೆ ಕಣಪ್ಪ" ಎಂದಳು ಚಿಕ್ಕಮುನಿಯಮ್ಮ. "ಒಂದು ದಿನ ಹೆಗಲು ಕೊಡ್ಲಿ ಬಿಡು. ಬಾ ತಾಯಿ. ನಿನ್ ಜಾಗ ಯಾರೂ ತಗೊಂಡಿಲ್ಲ."

ಬುಷ್ರಾ ಗುಂಡಿಗಳ ಚೀಲವನ್ನು ಮಗಳ ಕೈಗೆ ಕೊಟ್ಟಳು. ಚಪ್ಪಲಿ ಬಿಟ್ಟಳು, ಬುರ್ಖಾದ ತೋಳು ಮೇಲೆ ಸರಿಸಿದಳು. ಎತ್ತರದ ಗಂಡಸರಿಬ್ಬರು, ರಾಮು ಮತ್ತು ಅಂಜನಮೂರ್ತಿ, ಮುಂದೆ. ಕುಳ್ಳಗಿನ ಹೆಂಗಸರಿಬ್ಬರು ಹಿಂದೆ. ಬಿದಿರಿಗೆ ಭುಜ ಕೊಟ್ಟು ಬಗ್ಗಿದಾಗ ಸುಗತನ ಬಿಳಿಬಟ್ಟೆ ಸುತ್ತಿದ ಪಾದ ಅವಳ ಕೆನ್ನೆಯ ಹತ್ತಿರವೇ ಇತ್ತು. ಅವನಿಗೆ ಹೇಳಬೇಕಾಗಿದ್ದ ಮಾತನ್ನು ಅಲ್ಲಿಯೇ, ತುಟಿ ಅಲುಗಿಸದೆ, ಹೇಳಿಕೊಂಡಳು. ರಾಮು ಗಂಟಲು ಸರಿಮಾಡಿಕೊಂಡು ಎಣಿಸಲು ಬಾಯಿ ತೆರೆದ.

"ನೀನ್ ಎಣಿಸ್ಬೇಡ" ಎಂದಳು ಚಿಕ್ಕಮುನಿಯಮ್ಮ. "ಅಂಜನ ಎಣಿಸ್ಲಿ. ನನ್ ಮಗ ಎಣಿಸ್ತಿದ್ದಂಗೆ."

ಅಂಜನಮೂರ್ತಿ ಹಿಂದಿರುಗಿ ನೋಡಲಿಲ್ಲ. ಅವನ ಬೋಳು ತಲೆಯ ಹಿಂಭಾಗ ಮಾತ್ರ ಬುಷ್ರಾಳಿಗೆ ಕಾಣುತ್ತಿತ್ತು.

"ಒಂದು."

"ಎರಡು."

"ಮೂರು."

ರಾಮು ಏಳಲು ಹೋದವನು, ಪಕ್ಕದವನು ಏಳದ್ದನ್ನು ಕಂಡು ತಡೆದ. ಪೂಜಿತಾ ಉಸಿರು ಹಿಡಿದಳು. ಆಷಾಢದ ಗಾಳಿ ಗೋರಿಗಳ ಮೇಲಿನ ಒಣ ಎಲೆಗಳನ್ನು ಬಳಿದುಕೊಂಡು ಹೋಯಿತು. ರಿಮ್ಶಾಳ ಕೈಯ ಚೀಲದಲ್ಲಿ ಗುಂಡಿಗಳು ಒಮ್ಮೆ ಸದ್ದು ಮಾಡಿ ಸುಮ್ಮನಾದವು. ಎಲ್ಲರೂ ಕಾದರು.

ಬುಷ್ರಾ ಬರಿಗಾಲಿನ ಹಿಮ್ಮಡಿಯಿಂದ ಮಣ್ಣನ್ನು ತುಳಿದಳು.

ನಾಲ್ಕು ಹೆಗಲೂ ಒಟ್ಟಿಗೆ ಎದ್ದವು. ಚಟ್ಟ ತುಂಬಿದ ಬಿಂದಿಗೆಯಷ್ಟು ನೆಟ್ಟಗೆ ಮೇಲೆ ಬಂತು. ಸುಗತನ ಎದೆಯ ಮೇಲಿನ ಹಾರದಿಂದ ಒಂದು ಎಸಳೂ ಜಾರಲಿಲ್ಲ.